65ಕ್ಕೆ ಬರುವ ಎನ್‌ಎಚ್‌ಎಸ್ ಪತ್ರ, ಮತ್ತು ಪತ್ರ ಬಾರದ ಕಾಲುನೋವು

ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬುವ ವರ್ಷ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಒಂದು ಪತ್ರ ಬರುತ್ತದೆ, 'ಎಎಎ ಸ್ಕ್ರೀನಿಂಗ್'ಗೆ (ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿದೆಯೇ ಎಂದು ನೋಡುವ ಪರೀಕ್ಷೆ) ಬನ್ನಿ ಎಂದು. ನನಗೇನೂ ತೊಂದರೆ ಇಲ್ಲವಲ್ಲ, ಸುಮ್ನೆ ಯಾಕೆ ಅಂತ ಅದನ್ನು ಪಕ್ಕಕ್ಕಿಡಬೇಡಿ. ತೊಂದರೆ ಕಾಣುವ ಮೊದಲೇ ಮಾಡಿಸಬೇಕಾದ ಪರೀಕ್ಷೆ ಇದು.

ಹೃದಯದಿಂದ ಹೊರಟು ಹೊಟ್ಟೆಯೊಳಗೆ ಇಳಿಯುವ ದೊಡ್ಡ ರಕ್ತನಾಳವೇ ಅಯೋರ್ಟಾ. ಕೆಲವರಲ್ಲಿ ಅದರ ಗೋಡೆ ಸಡಿಲವಾಗಿ ಉಬ್ಬುತ್ತದೆ. ಸಿಗರೇಟು ಸೇದುವವರಿಗೆ, ಬಿಪಿ ಇರುವವರಿಗೆ, ಅಪ್ಪನಿಗೋ ಅಣ್ಣನಿಗೋ ಹೀಗಾಗಿದ್ದವರಿಗೆ ಅಪಾಯ ಜಾಸ್ತಿ. ಉಬ್ಬು ಸಾಮಾನ್ಯವಾಗಿ ನೋಯುವುದಿಲ್ಲ. ಒಡೆದರೆ ಮಾತ್ರ ಎಷ್ಟೋ ಜನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಳ್ಳುತ್ತಾರೆ.

ಪರೀಕ್ಷೆ ಎಂದರೆ ಹೊಟ್ಟೆಯ ಮೇಲೆ ಒಂದು ಅಲ್ಟ್ರಾಸೌಂಡ್, ಅಷ್ಟೇ. ಸೂಜಿ ಇಲ್ಲ, ದುಡ್ಡೂ ಇಲ್ಲ. ಫಲಿತಾಂಶ ಅಲ್ಲೇ ಹೇಳುತ್ತಾರೆ. ನಾಳದ ಅಗಲ 3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮತ್ತೆ ಕರೆಯುವುದಿಲ್ಲ. 3ರಿಂದ 4.4 ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. 5.5 ಮುಟ್ಟಿದರೆ ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತಾರೆ. ಕಾರು ಓಡಿಸುವವರು ಇನ್ನೊಂದು ಗಮನಿಸಿ: 6 ಸೆಂ.ಮೀ. ಆದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಬೇಕು, 6.5 ಆದರೆ ಸ್ಟಿಯರಿಂಗ್ ಮುಟ್ಟುವಂತಿಲ್ಲ.

ಈ ಪತ್ರ ಬರುವುದು ಜಿಪಿ ಸರ್ಜರಿಯಲ್ಲಿ, ಅಂದರೆ ತಮ್ಮ ಕುಟುಂಬ ವೈದ್ಯರ ಕ್ಲಿನಿಕ್ಕಿನಲ್ಲಿ, ಹೆಸರಿರುವವರಿಗೆ. ಮನೆ ಬದಲಿಸಿ ವಿಳಾಸ ತಿದ್ದಿಸದಿದ್ದರೆ ಪತ್ರ ಹಳೆಯ ಮನೆಗೇ ಹೋಗುತ್ತದೆ. 65 ದಾಟಿದ ಮೇಲೆ ಈ ದೇಶಕ್ಕೆ ಬಂದು ನೆಲೆಸಿದವರು ಸ್ಥಳೀಯ ಸ್ಕ್ರೀನಿಂಗ್ ಕಚೇರಿಗೆ ತಾವೇ ಫೋನ್ ಮಾಡಿ ಕೇಳಬಹುದು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಎಂದು ಮೊದಲೇ ಹೇಳಿ. ಅದಕ್ಕೂ ಹಣ ಕೊಡಬೇಕಾಗಿಲ್ಲ. ಹೆಂಗಸರಲ್ಲಿ ಈ ಕಾಯಿಲೆ ಕಡಿಮೆ ಎಂದು ಅವರನ್ನು ಕರೆಯುವುದಿಲ್ಲ. ಆದರೆ ತಂದೆತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಜಿಪಿ ಹತ್ತಿರ ಬಾಯಿಬಿಟ್ಟು ಹೇಳಲೇಬೇಕು.

ಕಾಲಿನ ರಕ್ತನಾಳ ಕಿರಿದಾಗುವ ಕಾಯಿಲೆಗೆ ಇಂಥ ಪತ್ರವೇ ಇಲ್ಲ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದು ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ವಯಸ್ಸಾಯ್ತು ಅಲ್ವಾ ಅಂತ ಸುಮ್ಮನಾಗುತ್ತೇವೆ. ಸಕ್ಕರೆ ಕಾಯಿಲೆ ಇದ್ದವರು, ಸಿಗರೇಟು ಸೇದುವವರು ಹಾಗೆ ಬಿಡಲೇಬಾರದು. ಜಿಪಿ ಹತ್ತಿರ 'ಕಾಲು ನೋವು' ಎಂದಷ್ಟೇ ಹೇಳಿದರೆ ಪ್ಯಾರಾಸಿಟಮಾಲ್ ಜೊತೆ ವಾಪಸ್ ಬರಬಹುದು. ಎಷ್ಟು ದೂರಕ್ಕೆ ಬರುತ್ತದೆ, ನಿಂತರೆ ಹೋಗುತ್ತದೆಯೇ, ಅದನ್ನು ಬಿಡಿಸಿ ಹೇಳಿ. ಆಗ ತೋಳು ಮತ್ತು ಕಣಕಾಲಿನ ಬಿಪಿ ಹೋಲಿಸಿ ನೋಡುವ ಪರೀಕ್ಷೆ ಸಿಗುತ್ತದೆ. ಚಿಕಿತ್ಸೆ ಶುರುವಾಗುವುದು ಸಾಮಾನ್ಯವಾಗಿ ಸಿಗರೇಟು ಬಿಡುವುದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ದಿನಾ ನಡಿಗೆ, ಇವುಗಳಿಂದ. ನೋಯುವ ಕಾಲನ್ನೇ ನಡೆಸುವುದು ವಿಚಿತ್ರ ಅನ್ನಿಸಿದರೂ ಅದರಿಂದ ಗುಣ ಇದೆ.

ಕಾಯಬಾರದ ಹೊತ್ತೂ ಇದೆ. ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಬೆನ್ನಲ್ಲಿ ತಡೆಯಲಾರದ ನೋವು, ಅಥವಾ ಒಂದು ಕಾಲು ದಿಢೀರನೆ ತಣ್ಣಗಾಗಿ ಬಿಳಿಚಿ ಮರಗಟ್ಟಿತು ಎಂದರೆ ಜಿಪಿ ಅಪಾಯಿಂಟ್‌ಮೆಂಟ್ ಗೊಡವೆ ಬೇಡ, ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರ ಲೆಕ್ಕ ಬೇರೆ. ಎ ಅಂಡ್ ಇ (ತುರ್ತು ಚಿಕಿತ್ಸೆ) ವಿಭಾಗದಲ್ಲಿ ನೋಡಿಸಲು ಶುಲ್ಕವಿಲ್ಲ. ವಾರ್ಡಿಗೆ ಸೇರಿಸಿಕೊಂಡ ಮೇಲೆ ಬಿಲ್ ಬರುತ್ತದೆ, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಹೊರಡುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಫಾರಂನಲ್ಲಿ ಅವರ ಬಿಪಿ, ಸಕ್ಕರೆ, ಹಳೆಯ ಸ್ಟೆಂಟ್ ಎಲ್ಲವನ್ನೂ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ತಳ್ಳಿಹಾಕಲು ಅದೇ ಕಾರಣವಾಗಬಹುದು.