ಮೊಂಡಾದ ಈಳಿಗೆ ಹಿಡಿದು ಕುಲುಮೆಗೆ ಹೊರಡಿ

ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಭಾನುವಾರ ಹಾವೇರಿ ಹತ್ತಿರದ ಹಳ್ಳಿಯೊಂದರ ಕುಲುಮೆ ಮುಂದೆ ನಾವು ಹದಿನೈದು ಜನ ಸೇರಿದ್ದೆವು. ಹುಬ್ಬಳ್ಳಿಯ ಗ್ಯಾರೇಜಿನವರು ಇಬ್ಬರು, ಧಾರವಾಡದ ಇಂಜಿನಿಯರಿಂಗ್ ಹುಡುಗರು, ಗದಗಿನ ಹೋಟೆಲ್ ಅಡುಗೆಯವರೊಬ್ಬರು, ಜೊತೆಗೆ ಸಣ್ಣವರಿದ್ದಾಗಿನಿಂದ ಸುತ್ತಿಗೆ ಹಿಡಿದ ಮೂವರು ಕಂಬಾರರು. ಚಾಕು ಮಾಡುವುದು, ನೋಡುವುದು, ಅದರ ಬಗ್ಗೆ ಮಾತಾಡುವುದು, ಇಷ್ಟೇ ಕೆಲಸ. ಅಮೆರಿಕದಲ್ಲಿ ಇಂಥ ಕೂಟಕ್ಕೆ ‘ಹ್ಯಾಮರ್ ಇನ್’ ಅನ್ನುತ್ತಾರೆ. ನಾವು ಸುಮ್ನೆ ‘ಕುಲುಮೆ ಹತ್ರ ಸೇರೋಣ’ ಅಂದುಕೊಂಡಿದ್ದೆವು.

ಮೊದಲ ಸಲ ಹೋಗುವವರು ಚಾಕು ಜೋಡಿಸಿಟ್ಟ ಮೇಜಿನ ಮುಂದೆಯೇ ನಿಂತುಬಿಡುತ್ತಾರೆ. ಹಾಗೆ ಮಾಡಬೇಡಿ. ಕಲಿಯುವುದೆಲ್ಲ ಬೆಂಕಿಯ ಹತ್ತಿರ ಇದೆ.

ದಿನ ಗೊತ್ತು ಮಾಡುವುದು

ಕೂಟ ನೀವೇ ಕರೆಯುವುದಾದರೆ ಕಂಬಾರರ ಬಿಡುವು ನೋಡಿ. ಮುಂಗಾರು ಬಿತ್ತನೆಗೆ ಮುಂಚೆ ಕುಂಟೆ, ಕೂರಿಗೆ ಹಿಡಿದು ರೈತರು ಸಾಲು ನಿಂತಿರುತ್ತಾರೆ. ಹಿಂಗಾರಿ ಜೋಳದ ಸುಗ್ಗಿಯಲ್ಲಿ ಕುಡುಗೋಲಿನ ಕೆಲಸ. ಈ ಎರಡರ ನಡುವೆ, ಯುಗಾದಿ ಆಸುಪಾಸು ಒಳ್ಳೆಯದು. ಅಮಾವಾಸ್ಯೆ ಬೇಡ, ಅವತ್ತು ಬಹಳ ಕಡೆ ಕುಲುಮೆ ಹೊತ್ತಿಸುವುದಿಲ್ಲ.

ಏನು ಒಯ್ಯಬೇಕು?

ಹತ್ತಿ ಬಟ್ಟೆ ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಮೇಲೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು. ಕಣ್ಣಿಗೆ ಬಿಳಿ ಗಾಜಿನ ಸೇಫ್ಟಿ ಕನ್ನಡಕ.

ಬಡಿಯಲು ಕಬ್ಬಿಣ ಒಯ್ಯುವ ಆಸೆ ಇದ್ದರೆ ಲಾರಿಯ ಹಳೇ ಕಮಾನ್ ಪಟ್ಟಿಯ ತುಂಡು ಒಯ್ಯಿರಿ. ಅದರಲ್ಲಿ ಸುಮಾರು 0.5ರಿಂದ 0.6ರಷ್ಟು ಶೇಕಡಾ ಇಂಗಾಲ ಇರುತ್ತದೆ, ಹದ ಹಿಡಿಯುತ್ತದೆ, ಅಂದರೆ ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ. ಕಟ್ಟಡದವರು ಬಳಸುವ ಸಾದಾ ಕಬ್ಬಿಣದ ಪಟ್ಟಿ ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಜಿ.ಐ. ಪೈಪಿನ ತುಂಡಂತೂ ಒಲೆಗೆ ಹಾಕಲೇಬೇಡಿ. ಅದರ ಸತುವಿನ ಲೇಪ ಕಾದು ಹೊಗೆಯಾಗುತ್ತದೆ, ಆ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಮನೆಯ ಮೊಂಡಾದ ಈಳಿಗೆಯನ್ನೋ ಚಾಕುವನ್ನೋ ಜೊತೆಗಿಟ್ಟುಕೊಳ್ಳಿ. ಬರಿಗೈಲಿ ಹೋಗಿ ‘ಹೇಗೆ ಮಾಡ್ತೀರಿ?’ ಅಂದರೆ ಎರಡು ಮಾತಿನ ಉತ್ತರ ಸಿಗುತ್ತದೆ. ಈಳಿಗೆ ಕೈಗಿಟ್ಟರೆ ಕಂಬಾರರು ಅದನ್ನು ತಿರುಗಿಸಿ ನೋಡಿ, ಉಗುರಿನಿಂದ ಅದರ ಬಾಯಿ (ಹರಿತದ ಅಂಚು) ಸವರಿ, ತಾವೇ ಮಾತು ಶುರು ಮಾಡುತ್ತಾರೆ.

ಬೆಳಗ್ಗೆ ಬೇಗ ಮುಟ್ಟಿ

ಆರು ಗಂಟೆಗೆ ಅಲ್ಲಿರಬೇಕು. ಬಿಸಿಲಿನ ಕಾಟಕ್ಕಷ್ಟೇ ಅಲ್ಲ, ಕಾದ ಕಬ್ಬಿಣದ ಬಣ್ಣ ಮಬ್ಬು ಬೆಳಕಿನಲ್ಲೇ ಸರಿಯಾಗಿ ಕಾಣುವುದು. ಅಲ್ಲಿನ ಹಿರಿಯ ಕಂಬಾರ ಅಜ್ಜ ನನಗೆ ಹೇಳಿದ ಮೊದಲ ಮಾತೇ ಅದು: “ತಮ್ಮಾ, ಬಿಸಲಾಗ ಬಣ್ಣ ನಂಬಬ್ಯಾಡ. ನೆರಳಾಗ ನೋಡು.”

ಒಲೆಗೂ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೂ ಕೈಮುಗಿದೇ ಅವರು ಕೆಲಸ ಶುರು ಮಾಡುತ್ತಾರೆ. ಅಡಿಗಲ್ಲಿನ ಮೇಲೆ ಕಾಲಿಡುವುದು, ಕೂರುವುದು ಮಾಡಬೇಡಿ. ಸುತ್ತಿಗೆ ಬೀಸುವವರ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ನೆಲದ ಮೇಲೆ ಬಿದ್ದ ಕಬ್ಬಿಣ ಕಪ್ಪಗಿದೆ ಅಂತ ಎತ್ತಿಕೊಳ್ಳಬೇಡಿ. ಕೆಂಪು ಆರಿದ ಮೇಲೂ ಅದು 400 ಡಿಗ್ರಿ ಬಿಸಿ ಇರಬಹುದು. ಅಂಗೈ ಹಿಂಭಾಗ ದೂರದಿಂದ ಹಿಡಿದು ಕಾವು ನೋಡಿ.

ಹದ ಹಾಕುವಾಗ ಕದಲಬೇಡಿ

ಬಡಿದು ಆಕಾರ ಕೊಡುವುದನ್ನು ಎಲ್ಲರೂ ವಿಡಿಯೊ ಮಾಡುತ್ತಾರೆ. ಹದ ಹಾಕುವ ಹೊತ್ತಿಗೆ ಚಹಾ ಕುಡಿಯಲು ಹೋಗಿರುತ್ತಾರೆ! ಚಾಕು ಚಾಕುವಾಗುವುದೇ ಆಗ.

ಅಲಗು ಕೆಂಪಗಾಗುತ್ತಿದ್ದಂತೆ ಧಾರವಾಡದ ಹುಡುಗನೊಬ್ಬ ತಂತಿಗೆ ಕಟ್ಟಿದ ಅಯಸ್ಕಾಂತ ಹಿಡಿದು ಆಗಾಗ ತಾಗಿಸಿ ನೋಡುತ್ತಿದ್ದ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದು ಸ್ವಲ್ಪ ಕಾವು ಬೇಕು. ಅಜ್ಜ ಅಯಸ್ಕಾಂತ ಮುಟ್ಟಲಿಲ್ಲ, ಬಣ್ಣ ನೋಡುತ್ತಾ ನಿಂತಿದ್ದರು. ಹುಡುಗನ ಅಯಸ್ಕಾಂತ ಅಂಟುವುದು ಬಿಟ್ಟು ನಾಲ್ಕೈದು ಉಸಿರು ಕಳೆದಿರಬೇಕು, “ಈಗ” ಅಂದರು. ಲೆಕ್ಕ ಕೂಡಿತ್ತು.

ಆಮೇಲೆ ಅಲಗನ್ನು ಬೆಚ್ಚಗಿನ ಎಣ್ಣೆಗೆ ನೇರವಾಗಿ ಇಳಿಸಬೇಕು. ವಾಲಿದರೆ ಸೊಟ್ಟಗಾಗುತ್ತದೆ. ನಾನು ಮೊದಲು ಮಾಡಿದ ಚಾಕುವನ್ನು ಅವಸರದಲ್ಲಿ ತಣ್ಣೀರಿಗೆ ಅದ್ದಿದ್ದೆ. ‘ಟಿಕ್’ ಅಂತ ಸಣ್ಣ ಸದ್ದು, ಬಾಯಿಂದ ಬೆನ್ನಿನವರೆಗೆ ಕೂದಲೆಳೆಯ ಬಿರುಕು. ಎರಡು ದಿನದ ಕೆಲಸ ಹೋಯಿತು. ಕಮಾನ್ ಪಟ್ಟಿಯ ಉಕ್ಕಿಗೆ ಎಣ್ಣೆಯೇ ಸರಿ.

ಎಣ್ಣೆಯಿಂದ ತೆಗೆದ ಅಲಗು ಗಾಜಿನ ಹಾಗೆ. ಅರ ಉಜ್ಜಿದರೆ ಕಚ್ಚದೆ ಜಾರುತ್ತದೆ, ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಅದಕ್ಕೆ ಮತ್ತೆ ಸಣ್ಣ ಕಾವು ಕೊಟ್ಟು ಬಿರುಸು ಇಳಿಸಬೇಕು. ಅಜ್ಜ ಇಟ್ಟಿಗೆ ಚೂರಿನಿಂದ ಅಲಗು ಉಜ್ಜಿ ಬೆಳ್ಳಗೆ ಮಾಡಿದರು. ಕೆಂಪಗೆ ಕಾದ ಒಂದು ದಪ್ಪ ಕಬ್ಬಿಣದ ಮೇಲೆ ಅದರ ಬೆನ್ನು ಇಟ್ಟರು. ಮೊದಲು ಏನೂ ಇಲ್ಲ. ಆಮೇಲೆ ಬೆನ್ನಿನ ಕಡೆ ತೆಳು ಹಳದಿ ಮೂಡಿತು. ಅದು ಕಂದಾಗಿ, ನೇರಳೆಯಾಗಿ, ನೀಲಿಯಾಗುತ್ತಾ ಹೋದಂತೆ ಹಳದಿ ಮುಂದೆ ಮುಂದೆ ಬಾಯಿಯ ಕಡೆ ಹರಿಯಿತು. ಒಣಗಿದ ಜೋಳದ ದಂಟಿನ ಬಣ್ಣ ಬಾಯಿಗೆ ಮುಟ್ಟಿದ್ದೇ ತಡ, ನೀರಿಗೆ ಅದ್ದಿದರು. ಆ ಹಳದಿ ಅಂದರೆ ಸುಮಾರು 200 ಡಿಗ್ರಿ, ನೀಲಿ ಅಂದರೆ ಸುಮಾರು 300. ಬಾಯಿ ಗಟ್ಟಿ, ಬೆನ್ನು ಬಾಗುವಷ್ಟು ಮೆತ್ತಗೆ. ಒಂದೇ ಅಲಗಿನಲ್ಲಿ ಎರಡು ಹದ! ಇದನ್ನು ನೋಡಲೆಂದೇ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಈ ಹದವನ್ನೇ ಪರೀಕ್ಷೆ ಮಾಡುವವರೂ ಇದ್ದಾರೆ. 1976ರಲ್ಲಿ ಶುರುವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಚಾಕು ಕಂಬಾರರ ಸಂಘದ ಪರೀಕ್ಷೆಯಲ್ಲಿ ಒಂದೇ ಚಾಕು ಇಳಿಬಿಟ್ಟ ಒಂದಿಂಚಿನ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು, ಮರದ ತುಂಡು ಕಡಿಯಬೇಕು, ಆಮೇಲೂ ಕೈ ಮೇಲಿನ ಕೂದಲು ಬೋಳಿಸಬೇಕು. ಕೊನೆಗೆ 90 ಡಿಗ್ರಿ ಬಾಗಿಸಿದರೂ ಎರಡು ತುಂಡಾಗಬಾರದು.

ಈಗ ಮೇಜಿನ ಹತ್ತಿರ ಹೋಗಿ

ಕೊಳ್ಳುವ ಮುಂಚೆ ಚಾಕು ಹಿಡಿದು ಈರುಳ್ಳಿ ಹೆಚ್ಚಿದಂತೆ ಕೈ ಆಡಿಸಿ. ಒಂದು ಕಣ್ಣು ಮುಚ್ಚಿ ಬೆನ್ನಿನ ಗುಂಟ ನೋಡಿ, ನೇರ ಇದೆಯಾ? ಅಲಗಿನ ಉಕ್ಕು ಹಿಡಿಯೊಳಗೆ ಎಲ್ಲಿಯವರೆಗೆ ಹೋಗಿದೆ ಅಂತ ಕೇಳಿ. ಅಲೆ ಅಲೆಯಾಗಿ ಕಾಣುವ ‘ಡಮಾಸ್ಕಸ್’ ಚಾಕುಗೆ ಮರುಳಾಗಬೇಡಿ. ಈಗ ಹೆಚ್ಚಾಗಿ ಸಿಗುವುದು ಎರಡು ಬಗೆಯ ಉಕ್ಕನ್ನು ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಚೆಂದ ಇರುತ್ತದೆ, ಆದರೆ ಹರಿತ ಬರುವುದು ಹದದಿಂದ. ನಮ್ಮ ಕಡೆ ಹಿಂದೆ ಮೂಸೆಯಲ್ಲಿ (ಲೋಹ ಕರಗಿಸುವ ಪಾತ್ರೆ) ಕರಗಿಸಿ ಮಾಡುತ್ತಿದ್ದ ಉಕ್ಕಿನ ಅಲೆ ಬೇರೆ, ಅದು ಉಕ್ಕು ನಿಧಾನ ಆರುವಾಗ ಒಳಗೇ ಹುಟ್ಟುವುದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಆ ಉಕ್ಕಿನ ಬಗ್ಗೆ ಪ್ರಬಂಧ ಓದಿದಾಗ ಅದನ್ನು ‘ವೂಟ್ಜ್’ ಎಂದು ಕರೆದ. ಆ ಹೆಸರು ನಮ್ಮ ‘ಉಕ್ಕು’ ಅನ್ನುವುದರಿಂದಲೇ ಬಂದದ್ದು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ.

ಅಡುಗೆ ಮನೆಗೆ, ಹೊಲಕ್ಕೆ ಬೇಕಾದದ್ದನ್ನೇ ಕೊಳ್ಳಿ. ಆ ಕೆಲಸಗಳಿಗಲ್ಲದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ. ನಿಂಬೆ, ಟೊಮೆಟೊ ಹೆಚ್ಚಿದ ಕೂಡಲೇ ಒರೆಸಿ, ಒಂದು ಹನಿ ಎಣ್ಣೆ ಸವರಿಡಿ.

ಹೊರಡುವ ಮುಂಚೆ

ಈಳಿಗೆಯನ್ನು ಬೆಂಕಿ ಆರುವ ಮೊದಲೇ ಕೊಡಿ. ಬಾಯಿ ಬಹಳ ಸವೆದಿದ್ದರೆ ಕಾಯಿಸಿ ತಟ್ಟಬೇಕಾಗುತ್ತದೆ, ಬರೀ ಸಾಣೆ ಸಾಲದು. ಕೂಲಿ ಎಷ್ಟು ಅಂತ ನೀವೇ ಕೇಳಿ ಕೊಡಿ, ಇದ್ದಿಲಿನ ಖರ್ಚಿಗೂ ಎಲ್ಲರೂ ಸೇರಿ ಹಾಕಿ. ಕಲಿಸಲು ನಿಂತ ಅಷ್ಟು ಹೊತ್ತು ಅವರ ದಿನದ ದುಡಿಮೆ ನಿಂತಿರುತ್ತದೆ, ಅಲ್ವಾ? ನಮ್ಮವ್ವನ ಈಳಿಗೆಯ ಬಾಯಿಗೆ ಅಜ್ಜ ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ, ಗೋಣಿ ತಟ್ಟಿನಲ್ಲಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಒಯ್ಯುವುದಾದರೆ ನೀವೂ ಹಾಗೇ ಕಟ್ಟಿಸಿಕೊಳ್ಳಿ.