ಟ್ರೇನರ್ ವಿಮಾನ ಹಾರಿಸುವ ಮೊದಲು ತೂಕ ಸರಿದೂಗಿಸುವುದು ಹೇಗೆ?

ಪುತ್ತರಿ ಕಳೆದು ಭತ್ತದ ಕೊಯ್ಲು ಮುಗಿಯಿತೆಂದರೆ ಕೊಡಗಿನ ಗದ್ದೆಬಯಲುಗಳು ರೇಡಿಯೋ ನಿಯಂತ್ರಿತ ವಿಮಾನ ಹಾರಿಸುವವರಿಗೆ ಒದಗುತ್ತವೆ. ನೆಲ ಒಣಗಿರುತ್ತದೆ, ಸುತ್ತ ಮರಗಳಿಲ್ಲದ ಜಾಗ ಸಿಗುತ್ತದೆ. ಹೊಸ ಟ್ರೇನರ್‌ಗಳು, ಅಂದರೆ ಹಾರಿಸಲು ಕಲಿಯುವವರಿಗೆಂದೇ ಮಾಡಿದ ವಿಮಾನಗಳು, ಹೆಚ್ಚಾಗಿ ನೆಲಕ್ಕೆ ಬಡಿಯುವುದೂ ಆಗಲೇ. ಕಲಿಯುವವರ ಕೈ ಇನ್ನೂ ಪಳಗಿಲ್ಲ ಎಂದು ಸುಮ್ಮನಾಗುತ್ತೇವೆ. ಆದರೆ ಅನೇಕ ಸಲ ತಪ್ಪು ಆಗಿರುವುದು ಗದ್ದೆಯಲ್ಲಲ್ಲ, ಮನೆಯ ಮೇಜಿನ ಮೇಲೆ. ಬ್ಯಾಟರಿ ಎರಡು ಬೆರಳಿನಷ್ಟು ಹಿಂದೆ ಕುಳಿತಿರುತ್ತದೆ, ಅಷ್ಟೇ. ಅರ್ಧ ಗಂಟೆ ಕೂತು ತೂಕ ಸರಿದೂಗಿಸಿದರೆ ಈ ಅನಾಹುತ ತಪ್ಪುತ್ತದೆ.

ವಿಮಾನದ ಇಡೀ ತೂಕ ಒಂದೇ ಬಿಂದುವಿನಲ್ಲಿ ನಿಂತಿದೆ ಎಂದುಕೊಂಡರೆ ಆ ಬಿಂದುವೇ ಗುರುತ್ವ ಕೇಂದ್ರ. ಹಾರಿಸುವವರ ಬಾಯಲ್ಲಿ ಅದು ಬರೀ ‘ಸಿ.ಜಿ.’. ಗಾಳಿ ಬೀಸಿ ಮೂತಿ ತುಸು ಮೇಲೆದ್ದಾಗ ರೆಕ್ಕೆ ಮತ್ತು ಬಾಲದ ಮೇಲೆ ಹೆಚ್ಚುವರಿ ಎತ್ತುವ ಬಲ ಬೀಳುತ್ತದೆ. ಸಿ.ಜಿ. ಆ ಬಲಕ್ಕಿಂತ ಮುಂದಿದ್ದರೆ ಬಾಲ ಮೇಲೆದ್ದು ಮೂತಿ ತಾನಾಗಿ ಕೆಳಗಿಳಿಯುತ್ತದೆ, ವಿಮಾನ ನೆಟ್ಟಗಾಗುತ್ತದೆ. ಸಿ.ಜಿ. ಹಿಂದಿದ್ದರೆ ಅದೇ ಬಲ ಮೂತಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ನೀವು ರಿಮೋಟ್‌ನ ಸ್ಟಿಕ್ ಮುಂದೆ ಒತ್ತುವಷ್ಟರಲ್ಲಿ ವೇಗ ಕುಸಿದು ಒಂದು ರೆಕ್ಕೆ ಕೆಳಗೆ ಬಿದ್ದಿರುತ್ತದೆ. ಮೂತಿ ಭಾರವಾದ ವಿಮಾನ ಸೋಮಾರಿಯಂತೆ ಹಾರುತ್ತದೆ: ಮೇಲೇಳಲು ಉದ್ದ ಓಟ ಬೇಕು, ಇಳಿಯುವಾಗ ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಪಟ್ಟಿ) ಪೂರ್ತಿ ಎಳೆದರೂ ಮೂತಿ ಏಳದೆ ಪ್ರೊಪೆಲ್ಲರ್ ನೆಲಕ್ಕೆ ತಾಗಬಹುದು. ಅದನ್ನು ಹೇಗೋ ಸುಧಾರಿಸಿಕೊಂಡು ಇಳಿಸಬಹುದು. ಬಾಲ ಭಾರವಾದದ್ದನ್ನು ಹೊಸಬರು ಇಳಿಸುವುದು ಬಹಳ ಕಷ್ಟ.

ಬೇಕಾದ ಸಾಮಾನು

ಸ್ಕೇಲು, ಮಾಸ್ಕಿಂಗ್ ಟೇಪು, ಮಾರ್ಕರ್ ಪೆನ್ನು, 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ತೂಕಕ್ಕೆ ದುಬಾರಿ ಸಾಮಾನು ತರಿಸಬೇಕಿಲ್ಲ. ಕಾರಿನ ಚಕ್ರ ಬ್ಯಾಲೆನ್ಸ್ ಮಾಡಲು ಟೈರ್ ಅಂಗಡಿಯವರು ಬಳಸುವ ಅಂಟು ತೂಕದ ಪಟ್ಟಿ ಕೇಳಿ ತನ್ನಿ. ಅದರಲ್ಲಿ 5 ಗ್ರಾಂ, 10 ಗ್ರಾಂ ತುಂಡುಗಳು ಸಾಲಾಗಿರುತ್ತವೆ, ಬೇಕಾದಷ್ಟು ಮುರಿದುಕೊಳ್ಳಬಹುದು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡೂ ಆಗುತ್ತದೆ, ಆದರೆ ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಗಾಳಿಯಾಡದ ಕೋಣೆಯಲ್ಲಿ, ಫ್ಯಾನ್ ಆರಿಸಿ ಕೆಲಸ ಮಾಡಿ. ಜಗಲಿ ಬೇಡ. ಒಂದೂಕಾಲು ಮೀಟರ್ ರೆಕ್ಕೆಗೆ ಜಗಲಿಯ ಸಣ್ಣ ಗಾಳಿಯೂ ಸಾಕು, ನಿಮ್ಮ ಬೆರಳಿಗೆ ಸುಳ್ಳು ಹೇಳುತ್ತದೆ.

ಹಾರುವ ಸ್ಥಿತಿಯಲ್ಲೇ ತೂಗಬೇಕು

ಪ್ರೊಪೆಲ್ಲರ್, ಅದರ ನಡುವಿನ ಟೊಪ್ಪಿಯಾದ ಸ್ಪಿನ್ನರ್, ಚಕ್ರಗಳು, ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್, ರೆಕ್ಕೆ ಕಟ್ಟುವ ರಬ್ಬರ್ ಬ್ಯಾಂಡ್ ಅಥವಾ ಬೋಲ್ಟ್, ಬ್ಯಾಟರಿ ಮುಚ್ಚಳ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರಲಿ. ಬ್ಯಾಟರಿ ಒಳಗೆ ಕುಳಿತಿರಬೇಕು, ಆದರೆ ಕನೆಕ್ಟರ್ ಸೇರಿಸಲೇಬಾರದು. ಕೈ ತಪ್ಪಿ ಮೋಟಾರಿನ ವೇಗ ಏರಿಸುವ ಥ್ರಾಟಲ್ ಸ್ಟಿಕ್ ಮೇಲೆ ಹೋದರೆ ತಿರುಗುವ ಪ್ರೊಪೆಲ್ಲರ್ ಬೆರಳು ಕತ್ತರಿಸುತ್ತದೆ. ಬ್ಯಾಟರಿ ಮೋಟಾರಿನ ಬದಲು ಇಂಧನದಿಂದ ಓಡುವ ಗ್ಲೋ ಎಂಜಿನ್ ವಿಮಾನವಾದರೆ ಇಂಧನ ಟ್ಯಾಂಕ್ ಖಾಲಿ ಇರಲಿ. ಟ್ಯಾಂಕ್ ಸಿ.ಜಿ.ಗಿಂತ ಮುಂದಿರುವುದರಿಂದ ಹಾರುತ್ತಾ ಇಂಧನ ಉರಿದಂತೆ ಬಾಲ ಭಾರವಾಗುತ್ತದೆ. ತುಂಬಿದ ಟ್ಯಾಂಕ್ ಇಟ್ಟು ತೂಗಿದರೆ ವಿಮಾನ ಚೆನ್ನಾಗಿ ಏರಿ, ಇಳಿಯುವ ಹೊತ್ತಿಗೆ ಕೈಕೊಡುತ್ತದೆ.

ಎಲ್ಲ ಸೇರಿಸಿ ಒಟ್ಟು ತೂಕ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕಕ್ಕೆ ಅದು ಬೇಕು.

ಗುರುತು ಹಾಕುವುದು

ಕಿಟ್ ಜೊತೆ ಬಂದ ಪುಸ್ತಿಕೆಯಲ್ಲಿ ಸಿ.ಜಿ. ಎಷ್ಟು ಮಿಲಿಮೀಟರ್ ಎಂದು ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ರೆಕ್ಕೆಯ ಮುಂಅಂಚಿನಿಂದ ಹಿಂಅಂಚಿನವರೆಗಿನ ಅಗಲ ಅಳೆಯಿರಿ. ಬುಡದಿಂದ ತುದಿವರೆಗೆ ಒಂದೇ ಅಗಲವಿರುವ ಟ್ರೇನರ್ ರೆಕ್ಕೆಗೆ ಸಿ.ಜಿ. ಮುಂಅಂಚಿನಿಂದ ಆ ಅಗಲದ ಶೇ 25ರಿಂದ 33ರ ನಡುವೆ ಬರಬೇಕು. ಅಗಲ 220 ಮಿ.ಮೀ. ಆದರೆ 55ರಿಂದ 73 ಮಿ.ಮೀ. ಮೊದಲ ಹಾರಾಟಕ್ಕೆ ಮುಂದಿನ ಕಡೆಯೇ ಇರಲಿ, 60 ಮಿ.ಮೀ. ಇಟ್ಟುಕೊಳ್ಳಿ. ತುದಿಯತ್ತ ಕಿರಿದಾಗುವ ಅಥವಾ ಹಿಂದಕ್ಕೆ ಬಾಗಿದ ರೆಕ್ಕೆಗೆ ಈ ನೇರ ಲೆಕ್ಕ ಹೊಂದುವುದಿಲ್ಲ.

ಗುರುತನ್ನು ರೆಕ್ಕೆಯ ಕೆಳಮೈಯಲ್ಲಿ, ಒಡಲಿನ ಎರಡೂ ಪಕ್ಕ ಹಾಕಿ. ಪೆನ್ನಿನ ಗೆರೆಯೊಂದೇ ಸಾಲದು, ವಿಮಾನ ಎತ್ತಿದಾಗ ಅದು ಕಣ್ಣಿಗೆ ಬೀಳುವುದಿಲ್ಲ. ಮಾಸ್ಕಿಂಗ್ ಟೇಪನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿಕಾಳಿನಷ್ಟು ಕತ್ತರಿಸಿ ಗೆರೆಯ ಮೇಲೆ ಅಂಟಿಸಿ. ಬೆರಳ ತುದಿಗೆ ಆ ಉಬ್ಬು ಸಿಕ್ಕಿತೆಂದರೆ ನೋಡದೆಯೇ ಜಾಗ ತಿಳಿಯುತ್ತದೆ.

ಎತ್ತಿ ನೋಡುವುದು

ಟ್ರೇನರ್‌ನ ರೆಕ್ಕೆ ಒಡಲಿನ ಮೇಲಿರುವುದರಿಂದ ವಿಮಾನವನ್ನು ನೆಟ್ಟಗೆ ಹಿಡಿದೇ ತೂಗಬೇಕು. ಆಗ ಭಾರವೆಲ್ಲ ಬೆರಳಿಗಿಂತ ಕೆಳಗೆ ತೂಗುಬೀಳುತ್ತದೆ, ತೊಟ್ಟಿಲಿನ ಹಾಗೆ ನಿಲ್ಲುತ್ತದೆ. ರೆಕ್ಕೆ ಒಡಲಿನ ಕೆಳಗಿರುವ ವಿಮಾನವನ್ನಾದರೆ ಮಗುಚಿ ಹಿಡಿಯಬೇಕಾಗುತ್ತದೆ.

ಎರಡೂ ತೋರುಬೆರಳಿನ ತುದಿಯನ್ನು ಗುರುತಿನ ಮೇಲಿಟ್ಟು ನಿಧಾನವಾಗಿ ಮೇಜಿನಿಂದ ಎತ್ತಿ. ಬೆರಳು ಮಡಚಿ ಹಿಡಿಯಬೇಡಿ. ಹಿಡಿದರೆ ನಿಮ್ಮ ಕೈಯೇ ತೂಗುತ್ತದೆ. ವಿಮಾನ ಎರಡು ಮೂರು ಸಲ ತೂಗಾಡಿ ನಿಲ್ಲುವವರೆಗೆ ಕಾಯಿರಿ. ಪಕ್ಕದಿಂದ ಇನ್ನೊಬ್ಬರು ನೋಡಿದರೆ ಒಳ್ಳೆಯದು. ವಿಮಾನ ಮಟ್ಟವಾಗಿ, ಇಲ್ಲವೇ ಮೂತಿ ಒಂದು ಬೆರಳಿನಷ್ಟು ತಗ್ಗಿ ನಿಂತರೆ ಸರಿ. ಬಾಲ ಜಾರಿದರೆ ಬೆರಳನ್ನು ತುಸು ಹಿಂದಕ್ಕೆ, ಮೂತಿ ಧೊಪ್ಪನೆ ಬಿದ್ದರೆ ಮುಂದಕ್ಕೆ ಸರಿಸುತ್ತಾ ಹೋಗಿ. ಎಲ್ಲಿ ನಿಂತಿತೋ ಅದು ಈಗಿನ ಸಿ.ಜಿ. ಗುರುತಿಗೂ ಅದಕ್ಕೂ ಎಷ್ಟು ಮಿಲಿಮೀಟರ್ ಅಂತರ ಎಂದು ಅಳೆಯಿರಿ.

ಕೈ ನಡುಗುತ್ತದೆ ಎನ್ನುವವರು ಒಂದು ಹಲಗೆಗೆ 30 ಸೆಂ.ಮೀ. ಎತ್ತರದ ಎರಡು ಮರದ ಕಡ್ಡಿ ನೆಡಿ. ತೋಟದಲ್ಲಿ ಕಡಿದ ಸಿಲ್ವರ್ ಓಕ್‌ನ ಒಂದು ತುಂಡು ಹಲಗೆ ಸಾಕು. ಕಡ್ಡಿಗಳ ನಡುವೆ ಒಡಲು ಸಲೀಸಾಗಿ ಇಳಿಯುವಷ್ಟು ಜಾಗವಿರಲಿ. ತುದಿಗೆ ಪೆನ್ಸಿಲ್ ಹಿಂದಿನ ಗುಂಡು ರಬ್ಬರ್ ಅಂಟಿಸಿದರೆ ಫೋಮ್ ರೆಕ್ಕೆಗೆ ಗುಳಿ ಬೀಳುವುದಿಲ್ಲ.

ಮೊದಲು ಬ್ಯಾಟರಿ, ಕೊನೆಗೆ ಸೀಸ

ಇಲ್ಲಿ ಅವಸರ ಬೇಡ. ಬಾಲ ಭಾರ ಎಂದು ಕಂಡ ಕೂಡಲೇ ಮೂತಿಗೆ ಸೀಸ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ತೂಕ ಹೆಚ್ಚಿದಷ್ಟೂ ವಿಮಾನ ಹೆಚ್ಚು ವೇಗದಲ್ಲಿ ಇಳಿಯಬೇಕಾಗುತ್ತದೆ. ಮೊದಲು ಇರುವ ಭಾರವನ್ನೇ ಸರಿಸಿ.

1100 ಗ್ರಾಂ ವಿಮಾನ, 180 ಗ್ರಾಂ ತೂಗುವ 2200 ಎಂಎಎಚ್ ಮೂರು ಸೆಲ್ ಲಿಪೋ ಬ್ಯಾಟರಿ ಎಂದಿಟ್ಟುಕೊಳ್ಳಿ. ಸಿ.ಜಿ. ಗುರುತಿಗಿಂತ 5 ಮಿ.ಮೀ. ಹಿಂದಿದೆ. ಒಟ್ಟು ತೂಕವನ್ನು ಅಂತರದಿಂದ ಗುಣಿಸಿ, ಬ್ಯಾಟರಿ ತೂಕದಿಂದ ಭಾಗಿಸಿ: 1100 × 5 ÷ 180, ಅಂದರೆ ಸುಮಾರು 30 ಮಿ.ಮೀ. ಬ್ಯಾಟರಿಯನ್ನು ಅಷ್ಟು ಮುಂದೆ ಸರಿಸಿದರೆ ಕೆಲಸ ಮುಗಿಯಿತು, ಒಂದು ಗ್ರಾಂ ಕೂಡ ಹೆಚ್ಚಲಿಲ್ಲ.

ಅಂತರ 12 ಮಿ.ಮೀ. ಇದ್ದರೆ ಬ್ಯಾಟರಿ 73 ಮಿ.ಮೀ. ಸರಿಯಬೇಕು. ಸಾಮಾನ್ಯವಾಗಿ ಒಳಗೆ ಅಷ್ಟು ಜಾಗವಿರುವುದಿಲ್ಲ. ರಿಸೀವರನ್ನು ಮುಂದೆ ತಂದು ನೋಡಿ, ಆಮೇಲೂ ಉಳಿದರೆ ಮಾತ್ರ ಸೀಸ. ಅದನ್ನು ಆದಷ್ಟೂ ಮುಂದೆ, ಮೋಟಾರ್ ಕೂರುವ ಗೋಡೆಯ ಹತ್ತಿರ ಇಡಿ. ಗುರುತಿನಿಂದ ಆ ಜಾಗ 240 ಮಿ.ಮೀ. ದೂರವಿದ್ದರೆ ಇಡೀ 12 ಮಿ.ಮೀ.ಗೆ 1100 × 12 ÷ 240, ಅಂದರೆ 55 ಗ್ರಾಂ ಬೇಕು. ಅರ್ಧ ದೂರದಲ್ಲಿಟ್ಟರೆ 110 ಗ್ರಾಂ. ಅಂಟೊಂದನ್ನೇ ನಂಬದೆ ಮೇಲೊಂದು ಕೇಬಲ್ ಟೈ ಬಿಗಿಯಿರಿ.

ಬ್ಯಾಟರಿಯೂ ಕದಲಬಾರದು. ಅಡಿಗೆ ವೆಲ್ಕ್ರೋ, ಮೇಲೆ ಸ್ಟ್ರಾಪ್, ಎರಡೂ ಬೇಕು. ಕಡಿದಾಗಿ ಏರುವಾಗ ಬ್ಯಾಟರಿ ಹಿಂದಕ್ಕೆ ಜಾರಿದರೆ ಮೇಜಿನ ಮೇಲೆ ಮಾಡಿದ ಲೆಕ್ಕವೆಲ್ಲ ಆಕಾಶದಲ್ಲಿ ಕೆಡುತ್ತದೆ.

ಎಡ–ಬಲ

ಮೂತಿ–ಬಾಲ ಸರಿಯಾದ ಮೇಲೆ ಸ್ಪಿನ್ನರ್ ತುದಿಯನ್ನು ಒಬ್ಬರು, ಬಾಲದ ಹಿಂತುದಿಯ ನಡುಭಾಗವನ್ನು ಇನ್ನೊಬ್ಬರು ಬೆರಳಲ್ಲಿ ಹಿಡಿದು ಎತ್ತಿ. ಪ್ರತಿ ಸಲವೂ ಒಂದೇ ರೆಕ್ಕೆ ಇಳಿದರೆ ಇನ್ನೊಂದರ ತುದಿಗೆ 2, 3 ಗ್ರಾಂನಿಂದ ಶುರು ಮಾಡಿ ತೂಕ ಸೇರಿಸಿ. ತುದಿಯಲ್ಲಿರುವುದರಿಂದ ಅಷ್ಟೇ ಸಾಕಾಗುತ್ತದೆ.

ಹಾರಿಸಿ ಪರೀಕ್ಷೆ

ಹಗುರ ಫೋಮ್ ವಿಮಾನವಾದರೆ ಮೆತ್ತನೆ ಹುಲ್ಲಿನ ಮೇಲೆ, ಗಾಳಿಗೆ ಎದುರಾಗಿ, ಮೋಟಾರ್ ಆಫ್ ಇಟ್ಟು, ಮೂತಿ ತುಸು ತಗ್ಗಿಸಿ ಎದೆಮಟ್ಟದಿಂದ ನೇರವಾಗಿ ತಳ್ಳಿ ಬಿಡಬಹುದು. ನೆಟ್ಟಗೆ ತೇಲಿ ಇಳಿದರೆ ಸರಿ. ಮೂತಿ ಎತ್ತಿ ನಿಂತು ಬಿದ್ದರೆ ಬಾಲ ಭಾರ. ಬಾಲ್ಸಾ ಮರದ ಭಾರದ ವಿಮಾನಕ್ಕೆ ಈ ಪರೀಕ್ಷೆ ಬೇಡವೇ ಬೇಡ, ಲ್ಯಾಂಡಿಂಗ್ ಗೇರ್ ಮುರಿಯುತ್ತದೆ.

ನಿಜವಾದ ಪರೀಕ್ಷೆ ಆಕಾಶದಲ್ಲಿ. ಸಾಕಷ್ಟು ಎತ್ತರಕ್ಕೆ ಹೋಗಿ, ಅರ್ಧ ಥ್ರಾಟಲ್‌ನಲ್ಲಿ ಸ್ಟಿಕ್ ಮುಟ್ಟದೆಯೂ ನೇರ ಹಾರುವಂತೆ ಟ್ರಿಮ್ ಮಾಡಿ. ಥ್ರಾಟಲ್ ಇಳಿಸಿ ಸುಮಾರು 45 ಡಿಗ್ರಿ ಕೆಳಮುಖ ಮಾಡಿ ಎಲಿವೇಟರ್ ಸ್ಟಿಕ್ ಬಿಡಿ. ಮೆಲ್ಲಗೆ ತಾನೇ ಮೇಲೆದ್ದರೆ ಕಲಿಯುವವರಿಗೆ ಹೇಳಿ ಮಾಡಿಸಿದ ಸಿ.ಜಿ. ಥಟ್ಟನೆ ಎದ್ದರೆ ಮೂತಿ ಭಾರ. ಇನ್ನಷ್ಟು ಕಡಿದಾಗಿ ಧುಮುಕತೊಡಗಿದರೆ ಬಾಲ ಭಾರ, ಕೂಡಲೇ ಎಳೆದುಕೊಂಡು ಇಳಿಸಿ. ಬದಲಾವಣೆ ಮಾಡುವಾಗ ಬ್ಯಾಟರಿಯನ್ನು ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಕದಲಿಸಬೇಡಿ. ಈ ಪರೀಕ್ಷೆಯನ್ನು ಅನುಭವಿಗಳ ಕೈಯಲ್ಲಿ ಮಾಡಿಸುವುದೇ ಲೇಸು.

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಎತ್ತರದಿಂದ ಸಿ.ಜಿ. ಬದಲಾಗುವುದಿಲ್ಲ, ಆದರೆ ಗಾಳಿ ತೆಳುವಾಗಿರುವುದರಿಂದ ಏರಲು ಇಳಿಯಲು ಕರಾವಳಿಗಿಂತ ಶೇ 5ರಷ್ಟು ಹೆಚ್ಚು ವೇಗ ಬೇಕು. ಹೀಗಾಗಿ ಬೇಡದ ಸೀಸ ಇಲ್ಲಿ ಇನ್ನೂ ಹೆಚ್ಚು ಕಾಡುತ್ತದೆ. ಬೆಳಿಗ್ಗೆ ಮಂಜು ಕರಗಿ ಗಾಳಿ ಏಳುವ ಮೊದಲಿನ ಹೊತ್ತು ಹಾರಿಸಲು ಒಳ್ಳೆಯದು. ಆನೆ ಓಡಾಡುವ ಕಡೆ ಸಂಜೆ ಹಾರಿಸಬೇಡಿ. ವಿಮಾನ ಕಾಫಿ ತೋಟದೊಳಗೆ ಬಿದ್ದರೆ ಕತ್ತಲಲ್ಲಿ ಹುಡುಕಲು ಇಳಿಯುವುದು ಜೀವಕ್ಕೆ ಅಪಾಯ.

ಮತ್ತೆ ಯಾವಾಗ ತೂಗಬೇಕು?

ಬ್ಯಾಟರಿ ಅಥವಾ ಪ್ರೊಪೆಲ್ಲರ್ ಬದಲಾಯಿಸಿದಾಗ, ಏನೇ ರಿಪೇರಿ ಮಾಡಿದಾಗ. ಅದರಲ್ಲೂ ಬಾಲದ ರಿಪೇರಿ. ಮುರಿದ ಬಾಲಕ್ಕೆ ಗಟ್ಟಿಯಾಗಲಿ ಎಂದು ಎಪಾಕ್ಸಿ ಮೆತ್ತಿ, ಮೇಲೆ ಟೇಪು ಸುತ್ತಿದರೆ 10 ಗ್ರಾಂ ಸುಲಭವಾಗಿ ಏರುತ್ತದೆ. ಬಾಲ ಸಿ.ಜಿ.ಯಿಂದ 600 ಮಿ.ಮೀ. ದೂರವಿದ್ದರೆ ಆ 10 ಗ್ರಾಂಗೆ 240 ಮಿ.ಮೀ. ದೂರದ ಮೂತಿಯಲ್ಲಿ 25 ಗ್ರಾಂ ತೆರಬೇಕು. ಮೆತ್ತಿದ ಅಂಟನ್ನು ಗಟ್ಟಿಯಾಗುವ ಮೊದಲೇ ಕಾರ್ಡ್ ತುಂಡಿನಿಂದ ಕೆರೆದು ತೆಗೆದರೆ ಆ ಭಾರ ಬರುವುದೇ ಇಲ್ಲ.

ಮಳೆಗಾಲ ಕಳೆದ ಮೇಲೂ ತಪ್ಪದೆ ತೂಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದಲ್ಲಿಟ್ಟ ಬಾಲ್ಸಾ ತೇವ ಎಳೆದುಕೊಳ್ಳುತ್ತದೆ, ವೆಲ್ಕ್ರೋದ ಅಂಟು ಬಿಡುತ್ತದೆ. ಬಿಸಿಲಿಗಿಡದೆ, ಒಣ ಕೋಣೆಯಲ್ಲಿ ಕೆಲವು ದಿನ ಬಿಟ್ಟು ಆಮೇಲೆ ಬೆರಳ ಮೇಲೆ ಎತ್ತಿ ನೋಡಿ.

ಸರಿಯಾದ ಜಾಗ ಸಿಕ್ಕ ದಿನವೇ ಬ್ಯಾಟರಿಯ ಮುಂತುದಿ ಎಲ್ಲಿ ನಿಂತಿದೆಯೋ ಅಲ್ಲಿ ಒಡಲ ಒಳಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ಬ್ಯಾಟರಿಯ ತೂಕವನ್ನೂ ಬರೆದಿಡಿ.