ಲೆಕ್ಕ ಬೇಕು, ಲ್ಯಾಬ್ ಬೇಡ ಅಂದವಳಿಗೆ ಡಿಗ್ರಿ ಹುಡುಕಿದ ಕಥೆ

ಹೋದ ತಿಂಗಳು ಅಕ್ಕನ ಮಗಳು ಮೊದಲ ಸಂಬಳದಲ್ಲಿ ನನಗೊಂದು ವಾಚ್ ತಂದಳು. ಐದು ವರ್ಷ ನನ್ನ ಜೊತೆ ಬಿಗಿದುಕೊಂಡೇ ಇದ್ದ ಭಾವ ಅವತ್ತು ತಾವೇ ಎದ್ದು ಹೋಗಿ ಚಹಾ ತಂದರು. ಇದನ್ನು ಬರೆಯೋಣ ಅನ್ನಿಸಿದ್ದು ಆ ಚಹಾ ಕುಡಿಯುವಾಗ.

ಬಾಗಲಕೋಟೆ ನವನಗರದಲ್ಲಿ ನಾನು ಪಿಯು ಗಣಿತದ ಟ್ಯೂಷನ್ ಹೇಳುತ್ತೇನೆ. ಹದಿನೆಂಟು ವರ್ಷ ಆಯಿತು. ಗಣಿತದಲ್ಲಿ 95, ಕೆಮಿಸ್ಟ್ರಿಯಲ್ಲಿ 40 ತರುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಅಂಥವರ ಅಪ್ಪಂದಿರು ಕೇಳುವುದು ಒಂದೇ ಮಾತು: 'ಸರ, ಇವನ್ನ ಯಾವುದಕ್ಕ ಹಾಕೂಣ್ರಿ?'

ಮೊದಲು ನಾನೂ ಎಲ್ಲರ ಹಾಗೆ ಬಿಇ ಅಂದುಬಿಡುತ್ತಿದ್ದೆ. ಹಾಗೆ ಕಳಿಸಿದ ಒಬ್ಬ ಹುಡುಗ ಗಣಿತದ ಪೇಪರ್‌ನಲ್ಲಿ 90ರ ಮೇಲೆ ತಂದ. ಮೊದಲ ವರ್ಷದ ಫಿಸಿಕ್ಸ್, ಕೆಮಿಸ್ಟ್ರಿ ಮಾತ್ರ ಅವನನ್ನು ಬಿಡಲಿಲ್ಲ. ಬ್ಯಾಕ್ ಮೇಲೆ ಬ್ಯಾಕ್, ಅಂದರೆ ಫೇಲಾದ ಪೇಪರ್‌ಗಳು ಉಳಿಯುತ್ತಲೇ ಹೋದವು. ಎರಡು ವರ್ಷ ಆದ ಮೇಲೆ ಬಿಟ್ಟು ಬಂದ. ಅಷ್ಟೊತ್ತಿಗೆ ಎರಡೂವರೆ ಲಕ್ಷವಾದರೂ ಕೈಬಿಟ್ಟಿತ್ತು. ಅವನಪ್ಪ ಬೈಯಲಿಲ್ಲ. 'ನೀವ ಹೇಳಿದ್ರಲ್ರಿ ಸರ' ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಎರಡನೆಯದು ಇನ್ನೂ ದಡ್ಡತನ. ಸೈನ್ಸ್ ಬೇಡ ಅಂದ ಹುಡುಗಿಯನ್ನು ಕಾಮರ್ಸ್‌ಗೆ ಹಾಕಿಸಿ, ಸಿಎ ಮಾಡು ಅಂದೆ. ಸಿಎಯ ಮೊದಲ ಹಂತವಾದ ಫೌಂಡೇಶನ್‌ನ 400 ಅಂಕಗಳಲ್ಲಿ 100 ಒಂದೇ ಪೇಪರ್‌ಗೆ: ಗಣಿತಕ್ಕೆ 40, ಸಂಖ್ಯಾಶಾಸ್ತ್ರಕ್ಕೆ 40, ತರ್ಕಕ್ಕೆ 20. ನಾನು ನೋಡಿದ್ದು ಅದೊಂದನ್ನೇ. ಮುಂದಿನ ಹಂತದಲ್ಲಿ ಅಂಥ ಪೇಪರೇ ಇಲ್ಲ ಅನ್ನುವುದನ್ನು ನೋಡಲೇ ಇಲ್ಲ. ಅವಳು ಫೌಂಡೇಶನ್ ಪಾಸಾದಳು, ಆರು ತಿಂಗಳಿಗೆ ಬೇಸತ್ತಳು. 'ಸರ, ಇಲ್ಲಿ ಕೂಡಿಸೂದು ಐತ್ರಿ, ಲೆಕ್ಕ ಇಲ್ರಿ' ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಕೋರ್ಸಿನ ಹೆಸರು ನಂಬುವುದನ್ನು ಬಿಟ್ಟೆ. ಏಳೆಂಟು ಡಿಗ್ರಿಗಳ ಸಿಲಬಸ್ ಪೂರ್ತಿ ಪ್ರಿಂಟ್ ತೆಗೆಸಿದೆ. ಐದಾರು ನೂರು ಹೋಯಿತು. ಗಣಿತ, ಸಂಖ್ಯಾಶಾಸ್ತ್ರ ಇದ್ದ ಪೇಪರ್‌ಗೆ ನೀಲಿ ಗೆರೆ, ಪ್ರಯೋಗಾಲಯದ ವಿಜ್ಞಾನಕ್ಕೆ ಕೆಂಪು ಗೆರೆ, ಉಳಿದದ್ದು ಹಾಗೇ. ಸೆಮಿಸ್ಟರ್ ಸೆಮಿಸ್ಟರ್ ಎಣಿಸಿದೆ. ಬಿಕಾಂನಲ್ಲಿ ಕೆಂಪು ಇಲ್ಲ, ನೀಲಿಯೂ ಅಷ್ಟಕ್ಕಷ್ಟೇ. ಬಿಇನಲ್ಲಿ ಶುರುವಿಗೆ ಎರಡೂ ಇವೆ, ಆಮೇಲೆ ನೀಲಿ ಕರಗಿಹೋಗುತ್ತದೆ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಇರುವ ಬಿಎಸ್ಸಿ ಹಾಳೆ ಮಾತ್ರ ಕೊನೆತನಕ ನೀಲಿ. ಅದರಲ್ಲೂ ಪ್ರಾಕ್ಟಿಕಲ್ ಇದೆ, ಆದರೆ ಕ್ಯಾಲ್ಕುಲೇಟರ್ ಮತ್ತು ಕಂಪ್ಯೂಟರಿನದು. ಆ್ಯಸಿಡ್ ವಾಸನೆ ಇಲ್ಲ.

ಎಣಿಸಿದ್ದಷ್ಟೇ ಸಾಲಲಿಲ್ಲ. 'ಗಣಿತ ಇಷ್ಟ' ಅನ್ನುವ ಮಕ್ಕಳಿಗೆಲ್ಲ ಇಷ್ಟವಾಗುವುದು ಒಂದೇ ಗಣಿತ ಅಲ್ಲ. ಹಾಗಾಗಿ ಐದು ಹಾಳೆ ಮಾಡಿಕೊಂಡೆ. ಒಂದರಲ್ಲಿ ಸಾಧಿಸಿ ತೋರಿಸುವ (ಪ್ರೂಫ್) ಲೆಕ್ಕ. ಒಂದರಲ್ಲಿ ಎಪಿಎಂಸಿಯ ಈರುಳ್ಳಿ ದರ ಕೊಟ್ಟು ನಾಳಿನದ್ದು ಊಹಿಸು ಅನ್ನುವುದು. ಒಂದು ಬಡ್ಡಿ, ಕಂತಿನದು. ಒಂದು ಒಗಟಿನ ಥರದ್ದು. ಐದನೆಯದರಲ್ಲಿ ಏನಿದೆ ಅಂತ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಉತ್ತರ ಸರಿಯೋ ತಪ್ಪೋ ಬರೆದುಕೊಳ್ಳುವುದಿಲ್ಲ. ಯಾವ ಹಾಳೆ ಹಿಡಿದು ಎಷ್ಟು ಹೊತ್ತು ಕೂತರು, ಯಾವುದನ್ನು ಕೇಳದೆ ಮನೆಗೆ ಒಯ್ದರು, ಅದನ್ನಷ್ಟೇ ಬರೆದುಕೊಳ್ಳುತ್ತೇನೆ.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಗುಳೇದಗುಡ್ಡದ ಖಣ, ಅಂದರೆ ಕುಬಸದ ಬಟ್ಟೆ, ನಾಲ್ಕೈದು ತಂದು, ಒಂದು ಚಿತ್ತಾರ ಎಲ್ಲಿಂದ ಎಲ್ಲಿಗೆ ಮರುಕಳಿಸುತ್ತದೆ, ತಿರುಗಿಸಿ ಇಟ್ಟರೆ ಅದೇ ಕಾಣುತ್ತದಾ ಅಂತ ಮಕ್ಕಳಿಂದ ಎಣಿಕೆ ಮಾಡಿಸಿದೆ. ಡಿಗ್ರಿ ಆರಿಸಲು ಏನೂ ಉಪಯೋಗ ಆಗಲಿಲ್ಲ. ಆ ಖಣದಲ್ಲಿ ನನ್ನ ಹೆಂಡತಿ ಕುಬಸ ಹೊಲಿಸಿಕೊಂಡಳು.

ಅಕ್ಕನ ಮಗಳು ಈರುಳ್ಳಿ ಹಾಳೆ ಹಿಡಿದವಳು ಬಿಡಲೇ ಇಲ್ಲ. ಹದಿನೈದು ದಿನ ತಾನೇ ದರ ತರಿಸಿಕೊಂಡು ಬರೆದಳು. ಊಹೆ ಬಹಳ ಸಲ ತಪ್ಪಿತು. ಯಾಕೆ ತಪ್ಪಿತು ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಿದ್ದಳು. ಸಂಖ್ಯಾಶಾಸ್ತ್ರ ಅಂತ ನಾನು ಅವಾಗಲೇ ತೀರ್ಮಾನ ಮಾಡಿದೆ.

'ಮಾಮಾ, ಹಂಗಾರ ಪಿಯು ಸೈನ್ಸ್ ಯಾಕ?' ಅಂತ ಜಗಳ ತೆಗೆದಳು. ನಾವು ವಿಚಾರಿಸಿದ ಬಿಎಸ್ಸಿ ಕಾಲೇಜುಗಳು ಸೈನ್ಸೇ ಕೇಳಿದವು. ಕಾಮರ್ಸಿನ ಬೇಸಿಕ್ ಮ್ಯಾಥ್ಸ್ ನಡೆಯುವುದಿಲ್ಲ ಅಂದರು. ಕೊನೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಜೊತೆ ಬಯಾಲಜಿ ಜಾಗಕ್ಕೆ ಸಂಖ್ಯಾಶಾಸ್ತ್ರ ಇರುವ ಪಿಸಿಎಂಎಸ್ ಹಿಡಿದೆವು. ಫಿಸಿಕ್ಸ್, ಕೆಮಿಸ್ಟ್ರಿ ಎರಡು ವರ್ಷದ ಮನೆ ಬಾಡಿಗೆ ಅಂತ ತಿಳಕೋ, ಕಟ್ಟಿ ಖಾಲಿ ಮಾಡು ಅಂದೆ. ಐವತ್ತರ ಆಚೀಚೆ ತಂದು ಖಾಲಿ ಮಾಡಿದಳು. ಸಿಇಟಿ ಕೋಚಿಂಗ್ ಬಿಡಿಸಿದ್ದಕ್ಕೆ ಭಾವ ಸಿಟ್ಟಾದರು. ಅವರಿಗೆ ಲಕ್ಷದ ಮೇಲೆ ಉಳಿಯಿತು, ಅದನ್ನು ಯಾರೂ ನೆನೆಸುವುದಿಲ್ಲ.

ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೂ ಬರೆಸಿದೆ. ಕೋಲ್ಕತ್ತದಲ್ಲಿ ಬಿ.ಸ್ಟ್ಯಾಟ್, ಬೆಂಗಳೂರಿನಲ್ಲಿ ಬಿ.ಮ್ಯಾಥ್. ಹನ್ನೆರಡನೆಯದರಲ್ಲಿ ಗಣಿತ, ಇಂಗ್ಲಿಷ್ ಇದ್ದರಾಯಿತು, ಫಿಸಿಕ್ಸ್ ಕೇಳುವುದಿಲ್ಲ, ಸೇರಿದವರಿಗೆ ಅವರೇ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ಗೂ ಹಾಕಿದೆವು. ಅರ್ಜಿ, ಬೆಂಗಳೂರಿನ ಓಡಾಟ ಸೇರಿ ಏಳೆಂಟು ಸಾವಿರ ಆಯಿತು. ಎರಡರಲ್ಲೂ ಆಗಲಿಲ್ಲ. ಆಯ್ಕೆ ಪ್ರಶ್ನೆಗಳನ್ನು ಹೇಗೋ ದಾಟಿದಳು, ಸಾಧಿಸಿ ಬರೆಯುವುದರಲ್ಲಿ ಬಿದ್ದಳು. ತಪ್ಪು ನನ್ನದು. ಟ್ಯೂಷನ್‌ನಲ್ಲಿ ನಾವು ಹೇಳಿಕೊಡುವುದು ಉತ್ತರ ತರುವುದನ್ನು, ಸಾಧನೆ ಬರೆಯುವುದನ್ನಲ್ಲ. ಈಗ ಒಂಬತ್ತನೇ ತರಗತಿಯಿಂದಲೇ ವಾರಕ್ಕೊಂದು ಬರೆಸುತ್ತೇನೆ.

ಧಾರವಾಡದಲ್ಲಿ ಬಿಎಸ್ಸಿ, ಆಮೇಲೆ ಸಂಖ್ಯಾಶಾಸ್ತ್ರದಲ್ಲೇ ಎಂಎಸ್ಸಿ. ಫೀ, ರೂಮು, ಮೆಸ್ಸು ಎಲ್ಲ ಸೇರಿ ವರ್ಷಕ್ಕೆ 70 ಸಾವಿರ ದಾಟಿರಲಿಕ್ಕಿಲ್ಲ. ಇನ್ಶೂರೆನ್ಸ್ ಲೆಕ್ಕದವರಾಗಲು ಬರೆಯುವ ಆ್ಯಕ್ಚುರಿಯಲ್ ಪ್ರವೇಶ ಪರೀಕ್ಷೆಯನ್ನೂ ಎರಡನೇ ಸಲಕ್ಕೆ ಪಾಸು ಮಾಡಿದಳು. ಮುಂದೆ ಪೇಪರ್‌ಗಳ ದಂಡೇ ಇದೆ, ಇರಲಿ. ಈಗ ಬೆಂಗಳೂರಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಪ್ರೀಮಿಯಂ ಲೆಕ್ಕ ಮಾಡುತ್ತಾಳೆ.

ಭಾವ ಈಗ ಊರ ಹುಡುಗರನ್ನು ತಾವೇ ಕಳಿಸುತ್ತಾರೆ. ಹೋದ ವಾರ ಬಂದವನು ಗಣಿತದಲ್ಲಿ ನೂರಕ್ಕೆ ನೂರು ತಂದವನು. ಎರಡನೇ ಹಾಳೆ ಮುಗಿಯುವ ಮೊದಲೇ ಮೊಬೈಲ್ ತೆಗೆದ. ಐದನೆಯದನ್ನು ಮುಟ್ಟಲೂ ಇಲ್ಲ. ಅವನಪ್ಪ ಭಾನುವಾರ ಬರುತ್ತೇನೆ ಅಂದಿದ್ದಾರೆ. ಹೇಗೆ ಹೇಳಲಿ ಅಂತ ಇನ್ನೂ ಯೋಚಿಸುತ್ತಿದ್ದೇನೆ.